ಹಕೊದಾತೆಯ ನಕ್ಷತ್ರ ಕೋಟೆ, ಮೇಲಿಂದ ಒಂದ್ಸಲ ಕೆಳಗಿಂದ ಎರಡು ಸಲ

ನಮ್ಮೂರು ಸಕಲೇಶಪುರದ ಹತ್ರ. ಮಂಜರಾಬಾದ್ ಕೋಟೆ ಎಷ್ಟ್ ಸಲ ಹತ್ತಿದೀನೋ ಲೆಕ್ಕ ಇಲ್ಲ, ಆದ್ರೆ ಅದು ಎಂಟು ಮೂಲೆ ನಕ್ಷತ್ರ ಅಂತ ಕಣ್ಣಾರೆ ಗೊತ್ತಾಗಿದ್ದು ಡ್ರೋನ್ ಫೋಟೋಗಳು ಬಂದ್ಮೇಲೇನೇ. ಅದಕ್ಕೇ ಜಪಾನ್ ಟ್ರಿಪ್ ಅಂತ ಆದಾಗ ನಾನು ಮೊದ್ಲು ಬರ್ಕೊಂಡಿದ್ದು ಹೊಕ್ಕೈಡೋದ ಹಕೊದಾತೆ. ಅಲ್ಲಿ ಗೊರ್ಯೋಕಾಕು ಅಂತ ಐದು ಮೂಲೆ ಕೋಟೆ, ಪಕ್ಕದಲ್ಲೇ 107 ಮೀಟರ್ ಟವರ್.

ಸ್ಟೇಷನ್ ಎದುರಿಂದ ಟ್ರಾಮ್. ಹಿಂದಿನ ಬಾಗಿಲಲ್ಲಿ ಹತ್ತಿ ನಂಬರ್ ಚೀಟಿ ತಗೋಬೇಕು, ಇಳಿಯುವಾಗ ಡ್ರೈವರ್ ಪಕ್ಕದ ಡಬ್ಬಿಗೆ ಚೀಟಿ ಜೊತೆ ದುಡ್ಡು ಹಾಕ್ಬೇಕು. ಇಳಿದ್ಮೇಲೆ ಕಾಲು ಗಂಟೆ ನಡಿಗೆ.

ನಾವು ಮಾಡಿದ ತಪ್ಪು ಅಂದ್ರೆ ಮೊದ್ಲು ಕೋಟೆಗೆ ಹೋಗಿದ್ದು. ಏಪ್ರಿಲ್ ಕೊನೆ, 1,500ಕ್ಕೂ ಜಾಸ್ತಿ ಚೆರ್ರಿ ಮರ ಹೂ ಬಿಟ್ಟಿದ್ವು, ಕಂದಕದ ದಂಡೆ ಹಿಡಿದು ಒಂದು ಗಂಟೆ ಸುತ್ತಿದ್ವಿ, ಚಂದ ಏನೋ ಇತ್ತು ಆದ್ರೆ ಎಲ್ಲಿ ತಿರುಗ್ತಿದೀವಿ, ಯಾವ ಮೂಲೇಲಿ ಇದೀವಿ ಒಂದೂ ತಿಳೀಲಿಲ್ಲ.

ಆಮೇಲೆ ಲಿಫ್ಟಲ್ಲಿ 90 ಮೀಟರ್ ಮೇಲೆ ಹೋಗಿ ಕಿಟಕಿ ಹತ್ರ ನಿಂತ್ರೆ ಪೂರ್ತಿ ನಕ್ಷತ್ರ ಕಾಲಡಿ ಬಿಚ್ಚಿಟ್ಟ ಹಾಗಿದೆ, ಅಂಚಿಗೆಲ್ಲಾ ಗುಲಾಬಿ ಬಣ್ಣ, ನನಗೆ ಮಾತೇ ಬರ್ಲಿಲ್ಲ. ಅಪ್ಪಂಗೆ ವಿಡಿಯೋ ಕಾಲ್ ಮಾಡಿ ತೋರಿಸ್ದೆ, "ಲೇ, ಇದು ನಮ್ ಕೋಟೆ ತಮ್ಮ ಕಣೋ, ನೀರು ತುಂಬ್ಸಿದಾರೆ ಅಷ್ಟೇ" ಅಂದ್ರು. ತಮ್ಮ ಅನ್ನೋದು ಸರಿಯೇ. ಮಂಜರಾಬಾದ್ ಟಿಪ್ಪು ಕಾಲದ್ದು, 1792. ಇದು ಶುರುವಾಗಿದ್ದೇ 1857ರಲ್ಲಿ. ತಾಕೆದಾ ಅಯಾಸಾಬುರೋ ಅನ್ನೋ ವಿದ್ವಾಂಸರು ಯುರೋಪಿನ ಕೋಟೆಗಳ ಮಾದರಿ ನೋಡಿ ನಕ್ಷೆ ಮಾಡಿದ್ರು. ಲೆಕ್ಕ ಎರಡೂ ಕಡೆ ಒಂದೇ, ಒಂದು ಮೂಲೇಲಿ ನಿಂತೋನು ಪಕ್ಕದ ಮೂಲೆಯ ಗೋಡೆ ಕಾಯಬಹುದು, ಶತ್ರುಗೆ ಅಡಗೋಕೆ ಜಾಗ ಇರಲ್ಲ. ಬಾಗಿಲ ಮುಂದೆ ತ್ರಿಕೋನದ ಒಂದು ದಿಬ್ಬ ಕಾಣತ್ತೆ ನೋಡಿ, ಅಂಥವು ಇನ್ನೂ ಕಟ್ಟೋ ಯೋಚನೆ ಇತ್ತಂತೆ, ದುಡ್ಡು ಸಾಲದೆ ಒಂದಕ್ಕೇ ನಿಂತಿದೆ.

ಮೇಲೇನೇ ಪುಟ್ಟ ಪುಟ್ಟ ಮಾದರಿಗಳಲ್ಲಿ ಕೋಟೆ ಕಥೆ ಇಟ್ಟಿದಾರೆ. ಅದುವರೆಗೆ ಜಪಾನ್ ಆಳಿದ್ದ ಸೇನಾಧಿಪತಿ, ಅಂದ್ರೆ ಶೋಗನ್, ಅವನ ಕಡೆಯವರು ಅಧಿಕಾರ ಹೋದ್ಮೇಲೆ ನೌಕಾಪಡೆ ನಾಯಕ ಎನೊಮೊತೊ ತಾಕೆಆಕಿ ಜೊತೆ ಇಲ್ಲಿ ಸೇರ್ಕೊಂಡು 1869ರಲ್ಲಿ ಚಕ್ರವರ್ತಿಯ ಹೊಸ ಸರ್ಕಾರದ ಸೇನೆಗೆ ಸೋತಿದ್ದು. ಅದನ್ನ ನಿಧಾನಕ್ಕೆ ನೋಡಿ, ಓಡಬೇಡಿ.

ಇಳಿದು ಮತ್ತೆ ಕೋಟೆ ಒಳಗೆ ಹೋದ್ವಿ. ಈ ಸಲ ಎಲ್ಲಾ ಅರ್ಥ ಆಯ್ತು! ಗೋಡೆ ತುದಿ ಹತ್ರ ಒಂದು ಸಾಲು ಕಲ್ಲು ಹೊರಗೆ ಚಾಚ್ಕೊಂಡಿದೆ, ನಮ್ಮನೆ ಕಿಟಕಿ ಸಜ್ಜಾ ಥರ, ಹತ್ತಿ ಬರೋನ ತಲೆಗೆ ಅಡ್ಡ ಬರ್ಲಿ ಅಂತ. ಮೊದಲ ಸಲ ಅದರ ಕೆಳಗೇ ಹಾದು ಹೋಗಿದ್ವಿ, ನೋಡೇ ಇರ್ಲಿಲ್ಲ.

ಸಂಜೆ 334 ಮೀಟರ್ ಎತ್ತರದ ಹಕೊದಾತೆ ಬೆಟ್ಟ, ರೋಪ್‌ವೇಲಿ ಮೂರೇ ನಿಮಿಷ. ಎರಡು ಕಡೆ ಸಮುದ್ರ, ನಡುವೆ ಸೊಂಟ ಹಿಡಿದಂಗೆ ಸಣ್ಣಗಾಗಿರೋ ಊರು, ಒಂದೊಂದೇ ದೀಪ ಹತ್ತೋದನ್ನ ನೋಡ್ಬೇಕಂದ್ರೆ ಕತ್ತಲಾಗೋಕೆ ಮುಂಚೇನೇ ಹೋಗಿ ಕಂಬಿ ಹತ್ರ ಜಾಗ ಹಿಡೀಬೇಕು. ಸ್ವೆಟರ್ ಒಂದೇ ಸಾಲಲ್ಲ, ಗಾಳಿ ತಡೆಯೋ ಜಾಕೆಟ್ ಬೇಕೇ ಬೇಕು, ನಮ್ಮನೆಯವಳಂತೂ ಕೈ ನಡುಗಿ ಫೋಟೋ ತೆಗೆಯೋಕೇ ಆಗ್ಲಿಲ್ಲ.