ಹೊಸ ಟ್ರೇಲರ್‌ನ ಲೈಟು ಉರಿದರೆ ಬ್ರೇಕೂ ಹಿಡಿಯುತ್ತದೆ ಎಂದುಕೊಳ್ಳಬೇಡಿ

ಹೋದ ಏಪ್ರಿಲ್‌ನಲ್ಲಿ ಡಲ್ಲಾಸ್ ಹತ್ತಿರ ನಾವು ಹೊಸ ಟ್ರಾವೆಲ್ ಟ್ರೇಲರ್ ಕೊಂಡೆವು. ಎರಡು ಆಕ್ಸಲ್, ನಾಲ್ಕು ಚಕ್ರ, ಒಳಗೆ ಪುಟ್ಟ ಅಡುಗೆಮನೆ, ಮಕ್ಕಳಿಗೆ ಮೇಲೊಂದು ಕೆಳಗೊಂದು ಮಂಚ. ಡೀಲರ್ ಅಂಗಳದಿಂದ ಹೊರಟು ಮೊದಲ ಸಿಗ್ನಲ್ ಮುಟ್ಟುವಷ್ಟರಲ್ಲಿ, ಹಿಂದೆ ಕಾರಿನಲ್ಲಿ ಬರುತ್ತಿದ್ದ ಹೆಂಡತಿಯ ಫೋನ್ ಬಂತು. "ನೀವು ಬಲಕ್ಕೆ ಇಂಡಿಕೇಟರ್ ಹಾಕಿದ್ರೆ ಟ್ರೇಲರ್ ಸುತ್ತ ಇರೋ ಸಣ್ಣ ಲೈಟೆಲ್ಲ ಮಿಟುಕ್ತಾ ಇದೆ ಕಣ್ರೀ!"

ಅದು ಕಣ್ಣಿಗೆ ಕಂಡ ತೊಂದರೆ. ಕಾಣದ ತೊಂದರೆ ಸಿಕ್ಕಿದ್ದು ಒಂದು ವಾರ ಬಿಟ್ಟು: ನಾಲ್ಕು ಚಕ್ರದಲ್ಲಿ ಎರಡಕ್ಕೆ ಬ್ರೇಕೇ ಹಿಡಿಯುತ್ತಿರಲಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಅಂಥ ಗಾಡಿಯನ್ನು ಹೈವೇಯಲ್ಲಿ ಎಳೆದು ತಂದಿದ್ದೆ ಎಂದು ನೆನೆಸಿಕೊಂಡರೆ ಈಗಲೂ ಎದೆ ಝಲ್ ಎನ್ನುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ನಮ್ಮವರು ಈಗ ಜಾಸ್ತಿ ಜನ ಟ್ರೇಲರ್ ಕೊಳ್ಳುತ್ತಿದ್ದಾರೆ, ಮತ್ತು ಹೊಸದು ಅಂದ ಮೇಲೆ ಎಲ್ಲ ಸರಿ ಇರುತ್ತದೆ ಎಂದು ನನ್ನ ಹಾಗೇ ನಂಬುತ್ತಾರೆ.

ಬೇಕಾದ ಸಾಮಾನು ಕಡಿಮೆ. ಒಂದು ಮಲ್ಟಿಮೀಟರ್, ಒಂದು ಟೆಸ್ಟ್ ಲೈಟ್, ಸುಮಾರು ಇಪ್ಪತ್ತು ಅಡಿ ವೈರ್, ಮತ್ತು ಟ್ರೇಲರ್ ಎಳೆಯುವ ಟ್ರಕ್ಕಿನಲ್ಲಿ ಕೂತು ಬ್ರೇಕ್ ಒತ್ತಲು ಒಬ್ಬರು. ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ತುಂಬಾ ಒಳ್ಳೆಯದು. ಕೊಳ್ಳುವಾಗ ನೋಡಿ ಕೊಳ್ಳಿ, ಕಡಿಮೆ ಬೆಲೆಯ ಎಷ್ಟೋ ಕ್ಲ್ಯಾಂಪ್ ಮೀಟರ್‌ಗಳು ಎಸಿ ಮಾತ್ರ ಅಳೆಯುತ್ತವೆ, ಇಲ್ಲಿ ಅವು ಉಪಯೋಗಕ್ಕೆ ಬರುವುದಿಲ್ಲ.

ಮೊದಲು ತಪ್ಪು ಯಾವ ಕಡೆ ಇದೆ ಎಂದು ತಿಳಿಯಿರಿ, ಟ್ರಕ್ಕಿನಲ್ಲೋ ಟ್ರೇಲರ್‌ನಲ್ಲೋ. ಇದು ಗೊತ್ತಾಗುವ ತನಕ ಟ್ರೇಲರ್‌ನ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ. ಟ್ರೇಲರ್ ಪ್ಲಗ್ ಕಿತ್ತು, ಟ್ರಕ್ಕಿನ ಏಳು ಪಿನ್ ಸಾಕೆಟ್‌ಗೆ ಟೆಸ್ಟ್ ಲೈಟ್ ಹಿಡಿಯಿರಿ. ಅದರ ಕ್ಲಿಪ್ಪನ್ನು ಟ್ರಕ್ಕಿನ ಬಾಡಿಗೆ ಹಾಕಬೇಡಿ, ಸಾಕೆಟ್‌ನ ಗ್ರೌಂಡ್ (ಕರೆಂಟ್ ವಾಪಸ್ ಬರುವ ದಾರಿ) ಪಿನ್ನಿಗೇ ಹಾಕಿ, ಆಗ ಆ ಪಿನ್ನೂ ಪರೀಕ್ಷೆಯಾದಂತೆ. ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಹೆಡ್‌ಲೈಟ್ ಹಾಕಿದಾಗ ಬರುವ ರನ್ನಿಂಗ್ ಲೈಟ್, ಬ್ಯಾಟರಿ ಚಾರ್ಜಿನ 12 ವೋಲ್ಟ್, ರಿವರ್ಸ್, ಒಂದೊಂದನ್ನೂ ನೋಡಿ. ಯಾವುದಾದರೂ ಬರದಿದ್ದರೆ ಟ್ರಕ್ಕಿನ ಫ್ಯೂಸ್ ಬಾಕ್ಸ್ ತೆರೆಯಿರಿ. ಟ್ರೇಲರ್‌ನ ಎಡಕ್ಕೆ, ಬಲಕ್ಕೆ, ರನ್ನಿಂಗ್ ಲೈಟಿಗೆ ಬೇರೆ ಬೇರೆ ಫ್ಯೂಸ್ ಇರುವುದು ಸಾಮಾನ್ಯ. ಹಾಗಾಗಿ ಟ್ರಕ್ಕಿನ ಸ್ವಂತ ಲೈಟು ಚೆನ್ನಾಗಿ ಉರಿಯುತ್ತಿದ್ದರೂ ಟ್ರೇಲರ್‌ನದು ಸತ್ತಿರಬಹುದು. ಪರಿಚಯದವರ ಟ್ರಕ್ ಸಿಕ್ಕರೆ ಇನ್ನೂ ಸುಲಭ. ಅದಕ್ಕೆ ಪ್ಲಗ್ ಹಾಕಿ ನೋಡಿ, ತೊಂದರೆ ಟ್ರೇಲರ್ ಜೊತೆಗೇ ಬಂದರೆ ತಪ್ಪು ಟ್ರೇಲರ್‌ನದು.

ಬ್ರೇಕ್ ಪಿನ್ ಮಾತ್ರ ಸ್ವಲ್ಪ ಬೇರೆ. ಟ್ರೇಲರ್ ಬ್ರೇಕಿಗೆ ಎಷ್ಟು ಕರೆಂಟ್ ಬಿಡಬೇಕು ಎಂದು ನಿಯಂತ್ರಿಸುವ ಸಾಧನವೇ ಬ್ರೇಕ್ ಕಂಟ್ರೋಲರ್. ಟ್ರಕ್ಕಿನ ಜೊತೆಗೇ ಬರುವ ಕೆಲವು ಕಂಟ್ರೋಲರ್‌ಗಳು ಟ್ರೇಲರ್ ಸಿಕ್ಕಿಸಿದ್ದು ಗೊತ್ತಾಗದೆ ಆ ಪಿನ್ನಿಗೆ ಕರೆಂಟ್ ಬಿಡುವುದೇ ಇಲ್ಲ. ಖಾಲಿ ಸಾಕೆಟ್‌ನಲ್ಲಿ ಏನೂ ಬರಲಿಲ್ಲ ಅಂತ ಕಂಟ್ರೋಲರ್ ಹಾಳಾಗಿದೆ ಎಂದು ತೀರ್ಮಾನಿಸಬೇಡಿ. ಪ್ಲಗ್ ಹಾಕಿ, ಟ್ರೇಲರ್ ಮುಂಭಾಗದ ಜಂಕ್ಷನ್ ಬಾಕ್ಸಿನಲ್ಲಿ ನೀಲಿ ವೈರ್ ನೋಡಿ. ಕಂಟ್ರೋಲರ್‌ನಲ್ಲಿ ಕೈಯಿಂದ ಒತ್ತುವ ಲಿವರನ್ನು ಮೆಲ್ಲಗೆ ಒತ್ತುತ್ತಾ ಹೋದರೆ ಟೆಸ್ಟ್ ಲೈಟ್ ಮಂದದಿಂದ ಜೋರಾಗಬೇಕು.

ಟ್ರಕ್ ಸರಿ ಇದ್ದು ಟ್ರೇಲರ್‌ನಲ್ಲಿ ಲೈಟುಗಳು ಚಿತ್ರವಿಚಿತ್ರವಾಗಿ ಆಡುತ್ತಿದ್ದರೆ ಮೊದಲು ಗ್ರೌಂಡ್ ನೋಡಿ. ಊರಲ್ಲಿ ಮೆಕ್ಯಾನಿಕ್‌ಗಳು ಬಾಡಿ ಅರ್ತ್ ಅನ್ನುತ್ತಾರಲ್ಲ, ಅದೇ. ಹೋದ ಕರೆಂಟಿಗೆ ವಾಪಸ್ ಬರುವ ದಾರಿ ಸರಿ ಇಲ್ಲದಿದ್ದರೆ ಅದು ಬೇರೆ ಬಲ್ಬಿನ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಆಗ ಎಡಕ್ಕೆ ಹಾಕಿದರೆ ಎರಡೂ ಕಡೆ ಮಂದವಾಗಿ ಮಿಟುಕುತ್ತದೆ, ಬ್ರೇಕ್ ಒತ್ತಿದರೆ ರನ್ನಿಂಗ್ ಲೈಟ್ ಆರುತ್ತದೆ. ಹೊಸ ಟ್ರೇಲರ್‌ನಲ್ಲಿ ಎಷ್ಟೋ ಸಲ ಕಾರಣ ತುಂಬಾ ಸಣ್ಣದು: ಬಿಳಿ ವೈರನ್ನು ಪೇಂಟ್ ಹೊಡೆದ ಫ್ರೇಮಿಗೆ ಪೇಂಟ್ ಕೆರೆಯದೆ ಸ್ಕ್ರೂ ಹಾಕಿರುತ್ತಾರೆ. ಪರೀಕ್ಷೆ ಹೀಗೆ. ಆ ಇಪ್ಪತ್ತಡಿ ವೈರಿನ ಒಂದು ತುದಿಯನ್ನು ಟ್ರಕ್ಕಿನ ಫ್ರೇಮಿನ ಬರಿ ಲೋಹಕ್ಕೆ ಕಚ್ಚಿಸಿ, ಇನ್ನೊಂದು ತುದಿಯನ್ನು ಕೈಕೊಟ್ಟ ಲೈಟಿನ ಬಿಳಿ ವೈರಿಗೆ ಮುಟ್ಟಿಸಿ. ಲೈಟು ಸರಿಹೋದರೆ ಗ್ರೌಂಡೇ ಕಳ್ಳ. ಮೀಟರ್‌ನಲ್ಲಿ ನೋಡುವುದಾದರೆ, ಲೈಟು ಉರಿಯುವಾಗ ಪ್ಲಗ್‌ನ ಗ್ರೌಂಡಿಗೂ ಲೈಟಿನ ಗ್ರೌಂಡಿಗೂ ನಡುವೆ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಆ ದಾರಿಯಲ್ಲಿರುವ ಜಾಯಿಂಟ್‌ಗಳನ್ನೆಲ್ಲ ಕೆರೆದು ಬಿಗಿ ಮಾಡಿ. ಟ್ರೇಲರನ್ನು ಟ್ರಕ್ಕಿಗೆ ಸಿಕ್ಕಿಸುವ ಹಿಚ್ ಬಾಲ್ ಮೂಲಕ ಗ್ರೌಂಡ್ ಆಗುತ್ತದೆ ಎಂದು ನಂಬಿ ಕೂರಬೇಡಿ, ಅಲ್ಲಿ ಗ್ರೀಸ್ ಇರುತ್ತದೆ.

ನಮ್ಮ ಟ್ರೇಲರ್‌ನಲ್ಲಿ ಗ್ರೌಂಡ್ ಸರಿ ಇತ್ತು. ತಪ್ಪಿದ್ದದ್ದು ಬಣ್ಣದಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಇಲ್ಲಿ ಬಹಳ ಜನ ಎಡವುತ್ತಾರೆ. ಅಮೆರಿಕದಲ್ಲಿ ಟ್ರೇಲರ್ ವೈರಿಗೆ ಎರಡು ಬಣ್ಣದ ಪದ್ಧತಿ ಇದೆ. ದೋಣಿ ಟ್ರೇಲರ್, ಸಾಮಾನು ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಕಂದು ಎಂದರೆ ರನ್ನಿಂಗ್ ಲೈಟ್, ಹಳದಿ ಎಡ, ಹಸಿರು ಬಲ. ಆರ್‌ವಿ (ನಮ್ಮಂಥ ವಾಸದ ಟ್ರೇಲರ್) ಪದ್ಧತಿಯಲ್ಲಿ ಹಸಿರು ರನ್ನಿಂಗ್ ಲೈಟ್, ಕೆಂಪು ಎಡ, ಕಂದು ಬಲ, ಹಳದಿ ರಿವರ್ಸ್. ಬಿಳಿ ಗ್ರೌಂಡ್, ನೀಲಿ ಬ್ರೇಕ್, ಕಪ್ಪು ಬ್ಯಾಟರಿ, ಇವು ಮೂರು ಎರಡರಲ್ಲೂ ಒಂದೇ. ಈಗ ಯೋಚಿಸಿ, ಯಾರೋ ಪ್ಲಗ್ ಬದಲಾಯಿಸುವಾಗ ಕಂದಿಗೆ ಕಂದು, ಹಸಿರಿಗೆ ಹಸಿರು ಎಂದು ಬಣ್ಣ ನೋಡಿ ಸೇರಿಸಿದರೆ ಏನಾಗುತ್ತದೆ? ಬಲ ಇಂಡಿಕೇಟರ್ ಕರೆಂಟ್ ರನ್ನಿಂಗ್ ಲೈಟಿಗೆ ಹೋಗುತ್ತದೆ, ರನ್ನಿಂಗ್ ಲೈಟಿನದು ಬಲ ಇಂಡಿಕೇಟರ್‌ಗೆ. ನಮಗೆ ಆಗಿದ್ದು ಅದೇ. ಡೀಲರ್ ಹತ್ತಿರ ಹೊಸ ಪ್ಲಗ್ ಹಾಕಿದವರು ಬಣ್ಣ ನೋಡಿದ್ದರು, ಕೆಲಸ ನೋಡಿರಲಿಲ್ಲ. ಹಾಗಾಗಿ ಯಾವ ವೈರ್ ಏನು ಎಂದು ಟೆಸ್ಟ್ ಲೈಟ್ ಹೇಳಲಿ, ಬಣ್ಣ ಹೇಳುವುದು ಬೇಡ.

ಇನ್ನೊಂದು ಮಾತು. ಇಲ್ಲಿನ ಹೆಚ್ಚಿನ ಟ್ರೇಲರ್‌ಗಳಲ್ಲಿ ಬ್ರೇಕ್ ಲೈಟಿಗೂ ಇಂಡಿಕೇಟರ್‌ಗೂ ಒಂದೇ ವೈರ್. ಎಡಗಡೆ ಬ್ರೇಕ್ ಲೈಟ್ ಇಲ್ಲ ಎಂದರೆ ಹುಡುಕಬೇಕಾದ್ದು ಎಡ ಇಂಡಿಕೇಟರ್ ವೈರನ್ನೇ. ನೀಲಿ ವೈರಿಗೂ ಬ್ರೇಕ್ ಲೈಟಿಗೂ ಸಂಬಂಧವೇ ಇಲ್ಲ, ಅದು ಚಕ್ರದ ಬ್ರೇಕಿಗೆ ಮಾತ್ರ.

ಈಗ ಆ ಬ್ರೇಕಿಗೆ ಬರೋಣ. ಬಹಳಷ್ಟು ರಾಜ್ಯಗಳಲ್ಲಿ 3,000 ಪೌಂಡ್ ದಾಟಿದ ಟ್ರೇಲರ್‌ಗೆ ಸ್ವಂತ ಬ್ರೇಕ್ ಕಡ್ಡಾಯ. ಹೆಚ್ಚಿನ ಟ್ರಾವೆಲ್ ಟ್ರೇಲರ್‌ಗಳಲ್ಲಿ ಪ್ರತಿ ಡ್ರಮ್ಮಿನ ಒಳಗೆ ಒಂದು ವಿದ್ಯುತ್ ಮ್ಯಾಗ್ನೆಟ್ ಇರುತ್ತದೆ. ಕರೆಂಟ್ ಬಂದಾಗ ಅದು ತಿರುಗುವ ಡ್ರಮ್ಮಿಗೆ ಅಂಟಿ, ಒಂದು ತೋಳನ್ನು ಎಳೆದು, ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಶೂಗಳನ್ನು ಅಗಲಿಸುತ್ತದೆ. ನಾಲ್ಕರಲ್ಲಿ ಒಂದು ಮ್ಯಾಗ್ನೆಟ್ ಕೆಲಸ ಮಾಡಿದರೂ ಡ್ಯಾಶ್‌ಬೋರ್ಡ್ ಮೇಲೆ ಟ್ರೇಲರ್ ಸಿಕ್ಕಿಸಿದೆ ಎಂದೇ ಬರಬಹುದು. ಅದನ್ನು ನೋಡಿಯೇ ನಾನು ಸಮಾಧಾನ ಪಟ್ಟಿದ್ದೆ.

10 ಅಥವಾ 12 ಇಂಚಿನ ಬ್ರೇಕಿನ ಒಂದು ಮ್ಯಾಗ್ನೆಟ್ ಪೂರ್ತಿ 12 ವೋಲ್ಟಿಗೆ ಸುಮಾರು 3 ಆಂಪ್ ಎಳೆಯುತ್ತದೆ. ಅಂದರೆ ನಾಲ್ಕು ಚಕ್ರಕ್ಕೆ 12. ಇದನ್ನು ಅಳೆಯಲು ಸುಲಭದ ದಾರಿ ಬ್ರೇಕ್‌ಅವೇ ಸ್ವಿಚ್. ಹಿಚ್ ಕಳಚಿಕೊಂಡು ಟ್ರೇಲರ್ ಬೇರೆಯಾದರೆ ತನ್ನ ಬ್ಯಾಟರಿಯಿಂದಲೇ ಪೂರ್ತಿ ಬ್ರೇಕ್ ಹಾಕುವ ಸ್ವಿಚ್ ಅದು. ಚಕ್ರಗಳಿಗೆ ಅಡೆ ಕೊಡಿ, ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ, ಟ್ರಕ್ಕಿನ ಪ್ಲಗ್ ಕಿತ್ತಿರಲಿ. ಕಿತ್ತಿರದಿದ್ದರೆ ಕರೆಂಟ್ ವಾಪಸ್ ಹೋಗಿ ಕಂಟ್ರೋಲರ್ ಸುಡಬಹುದು. ಸ್ವಿಚ್ಚಿನಿಂದ ಚಕ್ರದ ಕಡೆ ಹೋಗುವ ನೀಲಿ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿ, ಸ್ವಿಚ್ಚಿನ ಪಿನ್ ಎಳೆಯಿರಿ, ಓದಿ, ಪಿನ್ ವಾಪಸ್ ಹಾಕಿ. ಸುಮ್ನೆ ಎಳೆದು ಬಿಟ್ಟಿರಬೇಡಿ, ಮ್ಯಾಗ್ನೆಟ್ ಬಿಸಿಯಾಗುತ್ತದೆ, ಬ್ಯಾಟರಿಯೂ ಇಳಿಯುತ್ತದೆ. ಏನೂ ಬರಲಿಲ್ಲವೇ? ಬ್ಯಾಟರಿ ಡಿಸ್ಕನೆಕ್ಟ್ ಸ್ವಿಚ್ ಆಫ್ ಇದೆಯಾ ನೋಡಿ. ಅದು ಆಫ್ ಇದ್ದಾಗಲೂ ಬ್ರೇಕ್‌ಅವೇ ಕೆಲಸ ಮಾಡಲೇಬೇಕು, ಮಾಡದಿದ್ದರೆ ಅದನ್ನು ತಪ್ಪು ಜಾಗಕ್ಕೆ ಜೋಡಿಸಿದ್ದಾರೆ.

ನನ್ನ ಮೀಟರ್ 6 ತೋರಿಸಿತು. ಅರ್ಧ. ನಾಲ್ಕರಲ್ಲಿ ಯಾವ ಎರಡು ಎಂದು ತಿಳಿಯಲು ಕಂಪಾಸ್ ಸಾಕು. ಬ್ರೇಕ್‌ಅವೇ ಪಿನ್ ವಾಪಸ್ ಹಾಕಿದ ಮೇಲೆ ಟ್ರಕ್ಕಿನ ಪ್ಲಗ್ ಮತ್ತೆ ಸಿಕ್ಕಿಸಿ, ಒಬ್ಬರು ಬ್ರೇಕ್ ಲಿವರ್ ಒತ್ತಲಿ, ನೀವು ಪ್ರತಿ ಚಕ್ರದ ಹತ್ತಿರ ಕಂಪಾಸ್ ಹಿಡಿಯಿರಿ, ಮ್ಯಾಗ್ನೆಟ್ ಜೀವಂತ ಇದ್ದರೆ ಮುಳ್ಳು ಅಲ್ಲಾಡುತ್ತದೆ. ನಮ್ಮ ಹಿಂದಿನ ಆಕ್ಸಲ್‌ನ ಎರಡೂ ಕಡೆ ಮುಳ್ಳು ಅಲ್ಲಾಡಲಿಲ್ಲ. ಕೆಳಗೆ ತೆವಳಿ ನೋಡಿದರೆ, ಆ ಆಕ್ಸಲ್‌ಗೆ ಹೋಗುವ ನೀಲಿ ವೈರಿನ ಕ್ರಿಂಪ್ ಜಾಯಿಂಟ್ (ಲೋಹದ ಕೊಳವೆ ಒತ್ತಿ ಮಾಡುವ ಜೋಡಣೆ) ಸರಿಯಾಗಿ ಒತ್ತಿರಲಿಲ್ಲ, ಮೆಲ್ಲಗೆ ಎಳೆದರೆ ವೈರ್ ಕೈಗೇ ಬಂತು. ಒಂದೇ ಚಕ್ರ ಸತ್ತಿದ್ದರೆ ಆಕ್ಸಲ್ ಕೊಳವೆಯ ಒಳಗೆ ಹಾದುಹೋಗುವ ವೈರನ್ನು ಅನುಮಾನಿಸಿ, ಅಲುಗಾಡಿ ಅಲುಗಾಡಿ ಅದರ ಮೇಲಿನ ಹೊದಿಕೆ ಸವೆಯುತ್ತದೆ. ಮ್ಯಾಗ್ನೆಟ್ಟಿನ ಎರಡು ವೈರ್ ಬಿಡಿಸಿ ಅಳೆದರೆ 3ರಿಂದ 4 ಓಮ್ ಬರಬೇಕು. ಆ ಎರಡು ವೈರಿಗೆ ಪ್ಲಸ್ ಮೈನಸ್ ಇಲ್ಲ, ಹೇಗೆ ಸೇರಿಸಿದರೂ ನಡೆಯುತ್ತದೆ.

ವಾರಂಟಿ ಇರುವಾಗ ವೈರ್ ಕತ್ತರಿಸುವ ಮೊದಲು ಫೋಟೋ, ಮೀಟರ್ ಓದಿದ ವೀಡಿಯೋ ತೆಗೆದು ಡೀಲರ್‌ಗೆ ಬರೆದು ಕಳಿಸಿ. ಫೋನಿನಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ಟ್ರೇಲರ್‌ಗೂ 17 ಅಕ್ಷರದ ವಿಐಎನ್ (ವಾಹನ ಗುರುತಿನ ಸಂಖ್ಯೆ) ಇರುತ್ತದೆ. ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಸೈಟಿನಲ್ಲಿ ಅದನ್ನು ಹಾಕಿ, ದೋಷಕ್ಕಾಗಿ ಕಂಪನಿ ವಾಪಸ್ ಕರೆದ ರೀಕಾಲ್ ಇದೆಯಾ ನೋಡಿ, ಬ್ರೇಕ್ ದೋಷವಿದ್ದರೆ ಅಲ್ಲೇ ದೂರು ಕೊಡಬಹುದು. ನಾನು ಕೊಟ್ಟೆ.

ವೈರ್ ಸರಿಯಾದ ಮೇಲೆ ಬ್ರೇಕನ್ನು ಪಳಗಿಸಬೇಕು. ಖಾಲಿ ರಸ್ತೆಯಲ್ಲಿ ಗಂಟೆಗೆ 40 ಮೈಲಿಯಿಂದ 20ಕ್ಕೆ ಇಳಿಸುವ ಹಾಗೆ 20ರಿಂದ 30 ಸಲ ಹಾಕಿ, ನಡುನಡುವೆ ಡ್ರಮ್ ತಣಿಯಲು ಬಿಡಿ. ಆಮೇಲೆ ಒಣಗಿದ ಸಮತಟ್ಟು ರಸ್ತೆಯಲ್ಲಿ 25 ಮೈಲಿ ವೇಗದಲ್ಲಿ ಲಿವರ್ ಪೂರ್ತಿ ಒತ್ತಿ. ಚಕ್ರ ಕಚ್ಚಿ ಜಾರಿದರೆ ಗೇನ್ (ಕಂಟ್ರೋಲರ್ ಬ್ರೇಕಿಗೆ ಕೊಡುವ ಶಕ್ತಿಯ ಮಟ್ಟ) ಇಳಿಸಿ, ಸಾಲದಿದ್ದರೆ ಏರಿಸಿ. 200 ಮೈಲಿ ಆದ ಮೇಲೆ, ತಾನೇ ಅಡ್ಜಸ್ಟ್ ಆಗುವ ಬ್ರೇಕ್ ಅಲ್ಲದಿದ್ದರೆ, ಶೂ ಬಿಗಿ ಮಾಡಿಸಿ. ಮತ್ತು ಪ್ರತಿ ಸಲ ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ನಾಲ್ಕೂ ಹಬ್‌ಗಳನ್ನು ನೋಡಿ. ಎಲ್ಲ ಹೆಚ್ಚುಕಡಿಮೆ ಒಂದೇ ಬಿಸಿ ಇರಬೇಕು. ಒಂದು ಮಾತ್ರ ತಣ್ಣಗಿದ್ದರೆ ಅದು ಬ್ರೇಕ್ ಹಿಡಿಯುತ್ತಿಲ್ಲ, ಒಂದು ಮಾತ್ರ ಸುಡುತ್ತಿದ್ದರೆ ಬಿಡುತ್ತಿಲ್ಲ ಅಥವಾ ಬೇರಿಂಗ್ ಹೋಗುತ್ತಿದೆ. ಆ ದಿನ ಅಲ್ಲಿಂದ ಮುಂದೆ ಎಳೆಯಬೇಡಿ.