ಇಯಾ ಕೈಬಿಟ್ಟ ಮೇಲೆ ಗೆದ್ದ ಸ್ಯಾಂಟೊರಿನಿ ಸೂರ್ಯಾಸ್ತ: ಸಣ್ಣ ಗುಂಪಿನ ದೋಣಿ, ನನ್ನ ಅನುಭವ

ಯುರೋಪಿಗೆ ಗುಂಪು ಕರೆದುಕೊಂಡು ಹೋಗುವ ನಮ್ಮ ಬೆಂಗಳೂರಿನ ಬಳಗದಲ್ಲಿ ನನ್ನನ್ನು ಆಡಿಕೊಂಡವರೇ ಜಾಸ್ತಿ. ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ಇಯಾ ಅನ್ನೋದು ಸೂರ್ಯಾಸ್ತಕ್ಕೇ ಹೆಸರಾದ, ಬಂಡೆಯಂಚಿನ ಊರು. "ಸ್ಯಾಂಟೊರಿನಿಗೆ ಕರ್ಕೊಂಡು ಹೋಗಿ ಇಯಾ ಕೆಳಗೆ ಸೂರ್ಯಾಸ್ತ ತೋರಿಸಲ್ಲ ಅಂತೀಯಲ್ಲ, ಜನ ದುಡ್ಡು ವಾಪಸ್ ಕೇಳ್ತಾರೆ ನೋಡ್ತಿರು" ಅಂದಿದ್ದರು. ಹಾಗೆ ಅಂದವರಲ್ಲೇ ಇಬ್ಬರು 2025ರ ಅಕ್ಟೋಬರ್ ಮುಗಿದ ಮೇಲೆ ಫೋನ್ ಮಾಡಿ ದೋಣಿಯವನ ನಂಬರ್ ಕೇಳಿದರು. ನಂಬರ್ ಕೊಡಲಿಲ್ಲ. ಬದಲಿಗೆ ಇದನ್ನು ಬರೆಯುತ್ತಿದ್ದೇನೆ.

ವೀಸಾ, ಟಿಸಿಎಸ್ ತೆರಿಗೆ, ಅಥೆನ್ಸಿನಿಂದ ವಿಮಾನವೋ ಫೆರಿಯೋ, ಇದೆಲ್ಲ ನಿಮಗೆ ಗೊತ್ತಿರುವುದೇ. ನಾನು ಹೇಳುವುದು ಸಂಜೆಯ ಆ ಐದಾರು ಗಂಟೆಯ ಬಗ್ಗೆ ಮಾತ್ರ.

ನನ್ನ ಗಿರಾಕಿಗಳು ಎಂಥವರು ಅಂತ ಮೊದಲು ಹೇಳಿಬಿಡುತ್ತೇನೆ. ಜಯನಗರ, ಮಲ್ಲೇಶ್ವರ, ಮೈಸೂರಿನ ಕಡೆಯವರು. ನಿವೃತ್ತ ಬ್ಯಾಂಕಿನವರು, ಮೇಷ್ಟ್ರುಗಳು, ಎಂಜಿನಿಯರುಗಳು. ವಯಸ್ಸು ಐವತ್ತೈದರಿಂದ ಎಪ್ಪತ್ತು. ಅರ್ಧ ಜನಕ್ಕೆ ಈಜು ಬರಲ್ಲ. ಮುಕ್ಕಾಲು ಪಾಲು ಸಸ್ಯಾಹಾರಿಗಳು. ಒಬ್ಬಿಬ್ಬರು ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟಲ್ಲ. ಹನಿಮೂನಿನ ಜೋಡಿಗಳನ್ನು ಒಯ್ಯುವವರು ಇದನ್ನು ಓದಿ ಪ್ರಯೋಜನವಿಲ್ಲ.

ಮೊದಲು ಎಲ್ಲರ ಹಾಗೆ ದೊಡ್ಡ ಮರದ ದೋಣಿ ಹಿಡಿದೆ. ತಲೆಗೆ ಮೂವತ್ತೋ ನಲವತ್ತೋ ಯೂರೋ, ಅಗ್ಗ. ನೂರರ ಮೇಲೆ ಜನ. ಫಿರಾ ಊರಿನ ಕೆಳಗಿನ ಹಳೇ ಬಂದರಿಗೆ ಇಳಿಯಲು ಕೇಬಲ್ ಕಾರಿಗೇ ಕ್ಯೂ. ಕ್ರೂಸ್ ಹಡಗು ಬಂದ ದಿನ ಅಲ್ಲಿ ಏನು ಪಾಡು ಅಂತ ನಿಮಗೆ ಗೊತ್ತು. ಈಗ ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರು ಅಂತ ಮಿತಿ ಹಾಕಿದ್ದಾರೆ. ಆಗ ಅದೂ ಇರಲಿಲ್ಲ. ನಡುವಿನ ನೇಯಾ ಕಮೇನಿ ಅನ್ನೋ ಲಾವಾ ದ್ವೀಪದಲ್ಲಿ ಇಳಿಸಿ ಜ್ವಾಲಾಮುಖಿ ಹತ್ತಿ ಅಂದರು. ಒಂದು ಗಿಡದ ನೆರಳಿಲ್ಲ, ಕಾಲಿಟ್ಟರೆ ಜಾರುವ ಕರಿ ಜಲ್ಲಿ. ಮಂಡಿ ನೋವಿನವರೆಲ್ಲ ಬುಡದಲ್ಲೇ ಕೂತರು. ಅಲ್ಲಿಗೆ ಆ ದೋಣಿಯ ಸಹವಾಸ ಬಿಟ್ಟೆ.

ಆಮೇಲೆ ಸೀಟು ಲೆಕ್ಕದ ಕ್ಯಾಟಮರಾನ್, ಅಂದರೆ ಜೋಡಿ ಒಡಲಿನ ಹಾಯಿದೋಣಿ. ತಲೆಗೆ 130 ಯೂರೋ ಹತ್ತಿರ. ನಮ್ಮವರು ಹನ್ನೊಂದು, ಉಳಿದವರು ಬೇರೆ ದೇಶದ ಜೋಡಿಗಳು. ಹಿಂಭಾಗದ ಗ್ರಿಲ್ ಮೇಲೆ ಹಂದಿ, ಕೋಳಿ, ಸಿಗಡಿ. ತರಕಾರಿ ತಿರುವುವುದಕ್ಕೂ ಅದೇ ಇಕ್ಕಳ. ಇಬ್ಬರು ಅಜ್ಜಿಯರು ಬ್ರೆಡ್ಡು, ಆಲಿವ್ ತಿಂದು ಸಂಜೆ ಕಳೆದರು. ನಮ್ಮವರು ಅಂತ್ಯಾಕ್ಷರಿ ಶುರು ಮಾಡಿದಾಗ ಆ ಜೋಡಿಗಳ ಮುಖ ನೋಡಬೇಕಿತ್ತು. ಅವರದೂ ತಪ್ಪಿಲ್ಲ ಬಿಡಿ, ಅವರೂ ಅಷ್ಟೇ ದುಡ್ಡು ಕೊಟ್ಟಿದ್ದರು.

ಮತ್ತೊಂದು ಜುಲೈ. ಪೂರ್ತಿ ಕ್ಯಾಟಮರಾನ್ ನಮಗೇ ಅಂತ 1,400 ಯೂರೋ ಆಸುಪಾಸಿಗೆ ಹಿಡಿದೆ. ಬಂತು ಮೆಲ್ಟೆಮಿ. ಜುಲೈ, ಆಗಸ್ಟಿನಲ್ಲಿ ಬೀಸುವ ಈ ಬಡಗಣ ಗಾಳಿ ಗಾಳಿಯ ಜೋರು ಅಳೆಯುವ ಬೋಫೋರ್ಟ್ ಲೆಕ್ಕದಲ್ಲಿ ಆರು ಮುಟ್ಟಿದರೆ ಬಂದರಿನವರು ಸಣ್ಣ ದೋಣಿ ಬಿಡಲ್ಲ. ಟ್ರಿಪ್ ರದ್ದು. ದೋಣಿಯ ದುಡ್ಡು ವಾಪಸ್ ಬಂತು. ಮಧ್ಯದಲ್ಲಿದ್ದ ಬುಕಿಂಗ್ ಸಂಸ್ಥೆಯವರು ಕಮಿಷನ್ ಇಟ್ಟುಕೊಂಡರು, ಕರೆನ್ಸಿ ಬದಲಿಸುವಾಗ ಹೋಗಿದ್ದು ಬೇರೆ. ಒಟ್ಟು ಹನ್ನೆರಡು ಹದಿಮೂರು ಸಾವಿರ ಕೈಬಿಟ್ಟಿತು. ಅವತ್ತಿಂದ ಮಧ್ಯವರ್ತಿ ಇಲ್ಲ. ದೋಣಿ ಕಟ್ಟುವ ಮರೀನಾದಲ್ಲಿ ಓಡಾಡಿ ನೇರ ಕ್ಯಾಪ್ಟನ್ ಜೊತೆಗೇ ಮಾತು.

ಸೆಪ್ಟೆಂಬರ್ ಕೊನೆಗೆ ಗಾಳಿ ಇಳಿದ ಮೇಲೆ ಮತ್ತೆ ಹೋದೆ. ಈ ಸಲ ದೋಣಿ ನಮ್ಮದೇ, ಊಟವೂ ಪರವಾಗಿಲ್ಲ. ಕೊನೆಗೆ ಇಯಾ ಕೆಳಗೆ ನಿಂತೆವು. ಇಪ್ಪತ್ತಕ್ಕೂ ಮೇಲೆ ದೋಣಿಗಳು, ಒಂದರಲ್ಲಿ ಡಿಜೆ. ಸೂರ್ಯ ಸಮುದ್ರಕ್ಕೆ ಇಳಿಯುತ್ತಾನೆ ಅಂತ ಎಲ್ಲರೂ ಮೊಬೈಲ್ ಹಿಡಿದು ಕೂತಿದ್ದರೆ ಅವನು ಎದುರಿನ ಥಿರಾಸಿಯಾ ದ್ವೀಪದ ಬೆನ್ನ ಹಿಂದೆ ಹೋದ. ಆಮೇಲೆ ದಕ್ಷಿಣದ ವ್ಲಿಚಾಡಾ ಮರೀನಾಗೆ ವಾಪಸ್ ಬರಲು ಕತ್ತಲಲ್ಲಿ ಒಂದೂವರೆ ಗಂಟೆ. ಅಲೆ ಹಿಂದಿನಿಂದ ಎತ್ತಿ ಎತ್ತಿ ಹಾಕಿತು. ಮೂವರಿಗೆ ವಾಂತಿ. ನಿವೃತ್ತ ಎಂಜಿನಿಯರ್ ಒಬ್ಬರು ಶಾಲು ಹೊದ್ದು ಕೂತವರು ಹೇಳಿದ್ದು ಒಂದೇ ಮಾತು: "ಇದಕ್ಕೆ ನಮ್ಮ ಆಗುಂಬೆ ಸಾಕಿತ್ತಲ್ಲ ಮಾರಾಯ್ರೆ."

ಆ ರಾತ್ರಿ ನಕ್ಷೆ, ದಿಕ್ಸೂಚಿ ಆಪ್ ಎರಡನ್ನೂ ಎದುರಿಗಿಟ್ಟುಕೊಂಡು ಕೂತೆ.

ಸುಮಾರು 3,600 ವರ್ಷದ ಹಿಂದೆ ದ್ವೀಪದ ಹೊಟ್ಟೆ ಸಿಡಿದು ಕುಸಿಯಿತು. ನೀರು ತುಂಬಿದ ಆ ಗುಂಡಿಯೇ ಕ್ಯಾಲ್ಡೆರಾ. ಉಳಿದ ಅಂಚಿನ ತುಂಡುಗಳೇ ಮೂರು: ಅರ್ಧಚಂದ್ರದ ಮುಖ್ಯ ದ್ವೀಪ ಥೀರಾ, ಪಶ್ಚಿಮಕ್ಕೆ ಥಿರಾಸಿಯಾ, ನೈಋತ್ಯದ ಬಾಯಲ್ಲಿ ಪುಟ್ಟ ಆಸ್ಪ್ರೊನಿಸಿ. ಜೂನಿನಲ್ಲಿ ಸೂರ್ಯ ವಾಯವ್ಯಕ್ಕೆ, ಅಂದರೆ ಉತ್ತರದಿಂದ ಎಣಿಸಿದರೆ ದಿಕ್ಸೂಚಿಯ 300 ಡಿಗ್ರಿ ಹತ್ತಿರ ಮುಳುಗುತ್ತಾನೆ. ಆಗ ಇಯಾ ಸರಿಯಾದ ಜಾಗ. ಅಕ್ಟೋಬರ್ ಮಧ್ಯಕ್ಕೆ 260ರ ಹತ್ತಿರ ಬಂದುಬಿಡುತ್ತಾನೆ. ಕ್ಯಾಲ್ಡೆರಾ ಒಳಗೆ ಇಯಾ ಬುಡದಲ್ಲಿ ನಿಂತರೆ ಆ ಕಡೆ ಇರುವುದು ಥಿರಾಸಿಯಾ ಗುಡ್ಡ. ಅದೇ ದ್ವೀಪದ ನೈಋತ್ಯ ಮೂಲೆಯ ಅಕ್ರೊಟಿರಿ ದೀಪಸ್ತಂಭದ ಹತ್ತಿರ ನಿಂತರೆ ಪಶ್ಚಿಮ ಪೂರ್ತಿ ಬಯಲು ಸಮುದ್ರ. 1892ರ ಹಳೇ ದೀಪಸ್ತಂಭ ಅದು. ಬಡಗಣ ಗಾಳಿ ಬಂದರೆ ಆ ಮೂಲೆಯ ದಕ್ಷಿಣ ಮಗ್ಗುಲು ಮರೆ. ಅಲ್ಲಿಂದ ವ್ಲಿಚಾಡಾಗೆ ಮುಕ್ಕಾಲು ಗಂಟೆ ಅಷ್ಟೇ.

ಸೂರ್ಯಾಸ್ತಕ್ಕೆ ಇಯಾ ಬೇಡ, ಅಕ್ರೊಟಿರಿ ಕಡೆ ನಿಲ್ಲೋಣ ಅಂತ ನಮ್ಮ ಬಳಗದಲ್ಲಿ ಹೇಳಿದಾಗಲೇ ಎಲ್ಲರೂ ನಕ್ಕಿದ್ದು. ಕ್ಯಾಪ್ಟನ್ ಕೂಡ ನಕ್ಕ. "ನೀವು ದುಡ್ಡು ಕೊಡ್ತೀರಿ, ನಾನು ಓಡಿಸ್ತೀನಿ. ಜನ ಬೈದರೆ ನನ್ನ ಹೆಸರು ಹೇಳಬೇಡಿ" ಅಂದ. ಅಷ್ಟರಲ್ಲಿ 2025ರ ಜನವರಿ ಕೊನೆಗೆ ಸ್ಯಾಂಟೊರಿನಿ, ಪಕ್ಕದ ಅಮೊರ್ಗೋಸ್ ದ್ವೀಪಗಳ ನಡುವೆ ಭೂಕಂಪನಗಳು ಶುರುವಾದವು. ಫೆಬ್ರವರಿಯಲ್ಲಿ 11,000ಕ್ಕೂ ಹೆಚ್ಚು ಜನ ದ್ವೀಪ ಬಿಟ್ಟು ಹೋದರು. ನನ್ನ ಮೇ ಗುಂಪು ರದ್ದಾಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ಕ್ಯಾಪ್ಟನ್ನನ ಸೀಸನ್ನೂ ಡಲ್ ಆಗಿತ್ತು. ರೇಟಿನ ಮಾತು ಸುಲಭವಾಯಿತು, ಅದನ್ನು ಮುಚ್ಚಿಡಲ್ಲ.

ಈಗ ನಾನು ಮಾಡುವ ಸುತ್ತು ಮಾಮೂಲಿಗೆ ಉಲ್ಟಾ. ಮಧ್ಯಾಹ್ನ ಎರಡಕ್ಕೆ ವ್ಲಿಚಾಡಾ ಬಿಡಬೇಕು. ಕೆಂಪು ಬೀಚು, ಬಿಳಿ ಬೀಚುಗಳಲ್ಲಿ ನಿಲ್ಲಿಸಲ್ಲ. ಕೆಂಪು ಬೀಚಿನಲ್ಲಿ ಬಂಡೆ ಉರುಳುವ ಭಯ ಹೇಗೂ ಇದೆ, ನೀರಿನಿಂದ ನೋಡಿದರೇ ಚೆಂದ. ಸೀದಾ ಕ್ಯಾಲ್ಡೆರಾ ಒಳಗೆ, ನೇಯಾ ಕಮೇನಿ ಪಕ್ಕದ ಪುಟ್ಟ ದ್ವೀಪ ಪಾಲೇಯಾ ಕಮೇನಿಯ ಬಿಸಿನೀರಿನ ಬುಗ್ಗೆಗೆ. ಮೂರೂಕಾಲಿಗೆ ಅಲ್ಲಿ. ಹಗಲಿನ ದೋಣಿಗಳು ಹೊರಡುತ್ತಿರುತ್ತವೆ, ಸಂಜೆಯವು ಇನ್ನೂ ಬಂದಿರಲ್ಲ. ಈ ನಡುವಿನ ಸಂದೇ ನನ್ನ ಬಂಡವಾಳ.

ನೀರು ಬಿಸಿ ಅಂತ ಹೇಳಿ ಮಾರಬೇಡಿ. ಮೂವತ್ತು, ಮೂವತ್ತೈದು ಡಿಗ್ರಿ, ಉಗುರುಬೆಚ್ಚಗೆ. ದೋಣಿ ಒಳಗೆ ಹೋಗಲ್ಲ, ನಲವತ್ತು ಐವತ್ತು ಮೀಟರ್ ತಣ್ಣೀರಲ್ಲಿ ಈಜಬೇಕು. ಈಜು ಬಾರದವರನ್ನು ಲೈಫ್ ಜಾಕೆಟ್ ಹಾಕಿ ಹಗ್ಗ ಹಿಡಿಸಿ ಒಯ್ಯುವ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಅದನ್ನು ಬರೆದು ತಿಳಿಸಲು ಆಗಲ್ಲ, ಬಂದು ನೋಡಿ ಕಲಿಯಬೇಕು. ಕಬ್ಬಿಣದ ಕೆಸರು ತಿಳಿಬಣ್ಣದ ಬಟ್ಟೆಗೆ ಹತ್ತಿದರೆ ಹೋಗಲ್ಲ. ಇನ್ನೊಂದು, ಅಲ್ಲಿಯ ಗೈಡುಗಳು ನಮ್ಮವರಿಗೆ ಹೇಳದ ಮಾತು: ಕಾಲುಂಗುರ. ಗಂಧಕದ ನೀರಿಗೆ ಬೆಳ್ಳಿ ಕಪ್ಪಾಗುತ್ತದೆ. ಒಬ್ಬರು ಆಂಟಿ ಅದನ್ನು ಅಪಶಕುನ ಅಂದುಕೊಂಡು ಇಡೀ ಸಂಜೆ ಮಂಕಾಗಿದ್ದರು. ಈಗ ಹೊರಡುವ ಮೊದಲೇ ಹೇಳುತ್ತೇನೆ. ತೆಗೆಯಲು ಇಷ್ಟವಿಲ್ಲದವರಿಗೆ ಪ್ಲಾಸ್ಟರ್ ಸುತ್ತಿ ಕೊಡುತ್ತೇನೆ.

ಅಲ್ಲಿಂದ ನೇಯಾ ಕಮೇನಿಯ ಕಪ್ಪು ಲಾವಾ ಬಳಸಿ ನಿಧಾನಕ್ಕೆ ಫಿರಾ ಬುಡಕ್ಕೆ. ನಾಲ್ಕೂವರೆಯ ಬಿಸಿಲು ಪಶ್ಚಿಮದಿಂದ ಆ ಮುನ್ನೂರು ಮೀಟರ್ ಗೋಡೆಗೆ ನೇರ ಬಡಿಯುತ್ತದೆ. ಕೆಂಪು, ಕಪ್ಪು ಪದರಗಳು, ಎಲ್ಲಕ್ಕಿಂತ ಮೇಲೆ ಆ ದೊಡ್ಡ ಸ್ಫೋಟದ ಬಿಳಿ ಬೂದಿ. ಸಂಜೆ ದೋಣಿಯವರು ಈ ಹೊತ್ತಿಗೆ ಬುಗ್ಗೆಯ ಹತ್ತಿರ ನಿಂತಿರುತ್ತಾರೆ, ಅವರ ಗಿರಾಕಿಗಳಿಗೆ ಈ ಬೆಳಕು ಸಿಗಲ್ಲ. ಇಲ್ಲಿ ಸಮುದ್ರದ ಆಳ ಕೆಲವು ಕಡೆ 390 ಮೀಟರ್ ಹತ್ತಿರ, ಲಂಗರು ಹಾಕುವ ಮಾತೇ ಇಲ್ಲ. ಎಂಜಿನ್ ಸಣ್ಣಗೆ ಇಟ್ಟು ತೇಲಬೇಕು. ಐದೂವರೆಗೆ ಆಸ್ಪ್ರೊನಿಸಿ ಕಡೆ ತಿರುಗಿ ಊಟ. ಅಕ್ಟೋಬರ್ 10ರ ಸುಮಾರಿಗೆ ಸೂರ್ಯಾಸ್ತ ಆರು ಐವತ್ತರ ಆಸುಪಾಸು. ಏಳೂಮುಕ್ಕಾಲರ ಒಳಗೆ ಮರೀನಾ.

ನಿಖರವಾಗಿ ಎಲ್ಲಿ ನಿಲ್ಲುತ್ತೇನೆ ಅಂತ ಕೇಳಬೇಡಿ. ಆಸ್ಪ್ರೊನಿಸಿಯ ಬಿಳಿ ತಲೆ ಚೌಕಟ್ಟಿನೊಳಗೆ ಬಂದು, ಸೂರ್ಯ ಅದರ ಪಕ್ಕಕ್ಕೇ ನೀರಿಗೆ ಇಳಿಯುವ ಒಂದು ಜಾಗ ಇದೆ. ವಾರ ವಾರಕ್ಕೂ ಸ್ವಲ್ಪ ಸರಿಯುತ್ತದೆ. ನನ್ನ ಫೋನಲ್ಲಿ ಗುರುತು ಹಾಕಿಟ್ಟಿದ್ದೇನೆ. ಕ್ಯಾಪ್ಟನ್ ಈಗ ಅದೇ ಜಾಗವನ್ನು ಬೇರೆ ಗುಂಪುಗಳಿಗೂ ತೋರಿಸುತ್ತಾನಂತೆ, ಕೇಳಿದರೆ ಮೀಸೆಯಲ್ಲೇ ನಗುತ್ತಾನೆ.

ಇಯಾ ತೋರಿಸದೆ ಇರಲ್ಲ. ಅವತ್ತೇ ಬೆಳಿಗ್ಗೆ ಎಂಟಕ್ಕೆ ಕರೆದುಕೊಂಡು ಹೋಗಿ ಹತ್ತರೊಳಗೆ ವಾಪಸ್. ಓಣಿಗಳು ಖಾಲಿ, ಫೋಟೋ ಬೇಕಾದಷ್ಟು. ಸಂಜೆ ಇಯಾ ಎಲ್ಲಿ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.

ಊಟದ ಪ್ರಯೋಗಗಳದ್ದೇ ಬೇರೆ ಕಥೆ. ಕ್ಯಾಟಮರಾನಿನಲ್ಲಿ ಎರಡು ಒಲೆಯ ಗ್ಯಾಸ್ ಇರುತ್ತದೆ. ಅಡುಗೆ ನಮ್ಮದೇ ಅಂದರೆ ನೂರು ಯೂರೋ ಕಡಿಮೆ ಮಾಡುತ್ತಾರೆ. ಅನ್ನ ಹೋಟೆಲಿನಲ್ಲೇ ಮಾಡಿಸಿ ಡಬ್ಬಿಗೆ ತುಂಬಿಕೊಳ್ಳುವುದು, ಪುಳಿಯೋಗರೆ ಗೊಜ್ಜು ಊರಿಂದ. ತುಪ್ಪ, ಪೇಡ ತರಬೇಡಿ ಅಂತ ಮೊದಲೇ ಎಚ್ಚರಿಸಿ. ಹಾಲಿನ ಪದಾರ್ಥವನ್ನು ಯುರೋಪಿನ ಒಳಗೆ ಬಿಡಲ್ಲ. ಸ್ಯಾಂಟೊರಿನಿಯ ಫಾವಾ, ಬೇಳೆ ಬೇಯಿಸಿ ಅರೆದದ್ದು, ನಮ್ಮ ಗಟ್ಟಿ ತೊವ್ವೆಯ ಹಾಗೇ ಇರುತ್ತದೆ. ಈರುಳ್ಳಿ ಬೇಡ ಅಂತ ಹೇಳಿ ತರಿಸಿ, ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟೆ. ಕ್ಯಾಪ್ಟನ್ ಎರಡು ತಟ್ಟೆ ತಿಂದ. ಅಲ್ಲಿಯ ಬಿಳಿ ಬದನೆಕಾಯಿಯಲ್ಲಿ ಎಣ್ಣೆಗಾಯಿ ಮಾಡಲು ಹೋಗಿದ್ದು ಮಾತ್ರ ಕೆಟ್ಟಿತು. ಅದು ಸಿಹಿ, ಮೆತ್ತಗೆ. ಮಸಾಲೆ ಹಿಡಿಯುವ ಮೊದಲೇ ಕರಗಿ ಹೋಯಿತು. ಹುರಿದರೆ ಚೆನ್ನಾಗಿರುತ್ತದೆ, ಅಷ್ಟಕ್ಕೇ ಬಿಡಿ. ವಾಂತಿಗೆ ಶುಂಠಿ ಮಿಠಾಯಿ, ಮಾತ್ರೆ ಎರಡನ್ನೂ ಅರ್ಧ ಅರ್ಧ ಗುಂಪಿಗೆ ಕೊಟ್ಟು ನೋಡಿದೆ. ಶುಂಠಿ ಸೋತಿತು. ಆದರೂ ಸುಮ್ನೆ ಜೇಬಲ್ಲಿಟ್ಟಿರುತ್ತೇನೆ, ಕೈಗೆ ಕೊಟ್ಟರೆ ಅರ್ಧ ಜನಕ್ಕೆ ಧೈರ್ಯ ಬರುತ್ತದೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಡೀಸೆಲ್, ಕ್ಯಾಪ್ಟನ್, ಒಬ್ಬ ಸಹಾಯಕ ಸೇರಿ, ಊಟ ಕಳೆದು 880 ಯೂರೋ. ಸಾಮಾನು ಐವತ್ತರೊಳಗೆ, ಟಿಪ್ಸು ಅರವತ್ತು. ಹನ್ನೊಂದು ಜನಕ್ಕೆ ಹಂಚಿದರೆ ತಲೆಗೆ ತೊಂಬತ್ತು ಯೂರೋ, ಒಂಬತ್ತು ಸಾವಿರ ಚಿಲ್ಲರೆ ರೂಪಾಯಿ. ನಾನು ತಗೊಳ್ಳುವುದು ಹನ್ನೊಂದೂವರೆ ಸಾವಿರ. ಸೀಟು ಲೆಕ್ಕದ ದೋಣಿಗಿಂತ ಗಿರಾಕಿಗೂ ಕಡಿಮೆ ಬಿತ್ತು, ನನಗೂ ಉಳಿಯಿತು. ಒಂಬತ್ತಕ್ಕಿಂತ ಕಡಿಮೆ ಜನ ಇದ್ದರೆ ಗಿಟ್ಟಲ್ಲ. ಹನ್ನೆರಡು ದಾಟಿದರೆ ದೋಣಿಯ ಮುಂಭಾಗಕ್ಕೆ ಕಟ್ಟಿದ ಬಲೆಯ ಮೇಲೆ ಒರಗಲು ಜಾಗಕ್ಕೆ ಜಗಳ.

ಮೇ ತಿಂಗಳಲ್ಲಿ ಇದೇ ಸುತ್ತು ನಡೆಯುತ್ತದಾ ಅಂತ ಒಬ್ಬರು ಕೇಳಿದರು. ಸೂರ್ಯ ಅಲ್ಲಿಂದ ಆಗಲೂ ಸಮುದ್ರಕ್ಕೇ ಇಳಿಯುತ್ತಾನೆ, ಆದರೆ ಆಸ್ಪ್ರೊನಿಸಿ ಚೌಕಟ್ಟು ಸಿಗಲ್ಲ. ಮುಳುಗುವುದು ಎಂಟು ದಾಟಿದ ಮೇಲೆ, ಮರೀನಾಗೆ ಬರುವಾಗ ಒಂಬತ್ತು. ನೀರೂ ತಣ್ಣಗೆ, ಹತ್ತೊಂಬತ್ತು ಡಿಗ್ರಿ ಇದ್ದರೆ ಹೆಚ್ಚು. ಅಕ್ಟೋಬರ್‌ನಲ್ಲಿ ಇಪ್ಪತ್ತೆರಡು, ಇಪ್ಪತ್ಮೂರು ಇರುತ್ತದೆ. ಹಾಗಾಗಿ ನನ್ನ ಮುಂದಿನ ಗುಂಪುಗಳೆಲ್ಲ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 15ರ ಒಳಗೇ. ದೋಣಿಗೆ ಅಡ್ವಾನ್ಸ್ ಆಗಲೇ ಕೊಟ್ಟಾಗಿದೆ.