ನಾಯಿ, ಮುಂಗುಸಿಯ ಬಾಯಿಂದ ಪಾರಾದ ಕೋಳಿ–ಬಾತುಗಳ ಆರೈಕೆ ಹೇಗೆ?

ಕಾಫಿತೋಟದ ನಡುವಿನ ಮನೆಗಳಲ್ಲಿ ಕೋಳಿ, ಬಾತು ಸಾಕುವವರಿಗೆ ಹಗಲಿನಲ್ಲಿ ಮುಂಗುಸಿ ಮತ್ತು ಗಿಡುಗ, ರಾತ್ರಿ ಪುನುಗುಬೆಕ್ಕು, ಹೊತ್ತುಗೊತ್ತಿಲ್ಲದೆ ನಾಯಿ, ಹೀಗೆ ಕಾಟ ತಪ್ಪಿದ್ದಲ್ಲ. ಕಚ್ಚಿಸಿಕೊಂಡು ಪಾರಾದ ಹಕ್ಕಿಯನ್ನು ‘ಇನ್ನು ಉಳಿಯುವುದಿಲ್ಲ, ಸಾರಿಗಾದರೂ ಆಗಲಿ’ ಎಂದು ಕೊಯ್ದುಬಿಡುವವರು ಅನೇಕರು. ನಾಯಿಯೋ ಗುರುತು ಸಿಗದ ಪ್ರಾಣಿಯೋ ಕಚ್ಚಿದ ಹಕ್ಕಿಯನ್ನು ಅಡುಗೆಗೆ ಬಳಸದಿರುವುದೇ ಕ್ಷೇಮ; ಅದಕ್ಕಿಂತ ಮುಖ್ಯವಾಗಿ, ಮೊದಲ ಕೆಲವು ಗಂಟೆ ಸರಿಯಾಗಿ ನೋಡಿಕೊಂಡರೆ ಬೆನ್ನಿನ ಚರ್ಮವೇ ಕಿತ್ತುಹೋದ ಕೋಳಿಯೂ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ.

ಹಕ್ಕಿಯನ್ನು ಮುಟ್ಟುವ ಮೊದಲು ಕೈಗವಸು ಹಾಕಿಕೊಳ್ಳಬೇಕು. ಹಕ್ಕಿಗಳಿಗೆ ರೇಬಿಸ್ ತಗಲುವುದು ತೀರಾ ಅಪರೂಪವಾದರೂ ಗಾಯದಲ್ಲಿ ನಾಯಿಯ ಜೊಲ್ಲು ಇರುತ್ತದೆ. ಬಿಡಿಸುವ ಗಡಿಬಿಡಿಯಲ್ಲಿ ನಾಯಿಯೋ ಮುಂಗುಸಿಯೋ ನಿಮ್ಮನ್ನೇ ಕಚ್ಚಿದರೆ, ಕೋಳಿಯ ಚಿಂತೆಯನ್ನು ಇತರರಿಗೆ ಬಿಟ್ಟು, ಗಾಯವನ್ನು 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಲಸಿಕೆಗಾಗಿ ಆಸ್ಪತ್ರೆಗೆ ಹೋಗಬೇಕು.

ಮೊದಲು ರಕ್ತ, ಆಮೇಲೆ ಬಿಸುಪು

ರಕ್ತ ಸುರಿಯುತ್ತಿದ್ದರೆ ಮಡಿಸಿದ ಶುಭ್ರವಾದ ಹತ್ತಿಬಟ್ಟೆಯನ್ನು ಗಾಯದ ಮೇಲಿಟ್ಟು ಐದರಿಂದ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ನಿಂತಿತೇ ಎಂದು ಮತ್ತೆ ಮತ್ತೆ ತೆಗೆದು ನೋಡಬಾರದು. ಉಗುರು ಮುರಿದಲ್ಲಿ ಕಾರ್ನ್‌ಫ್ಲೋರ್ ಒತ್ತಿದರೆ ಸಾಕು. ಆಳದ ಗಾಯಕ್ಕೆ ಕಾಫಿಪುಡಿ, ಅರಿಶಿನ ಮೆತ್ತುವ ಅಭ್ಯಾಸವನ್ನು ಮಾತ್ರ ಬಿಡುವುದೊಳ್ಳೆಯದು. ಪುಡಿ ಒಳಗೆ ಕೂತರೆ ಕೊಳೆಯೂ ಒಳಗೇ ಉಳಿಯುತ್ತದೆ.

ರಕ್ತ ನಿಂತ ಮೇಲೆ ಗಾಯ ತೊಳೆಯಲು ಆತುರಪಡಬೇಕಿಲ್ಲ. ಕೋಳಿಯ ಮೈಬಿಸಿ ಸಹಜವಾಗಿಯೇ 41 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಆಘಾತಕ್ಕೊಳಗಾಗಿ, ಅದರ ಮೇಲೆ ಆಷಾಢದ ಮಳೆಯಲ್ಲಿ ನೆನೆದ ಹಕ್ಕಿ ಈ ಬಿಸುಪನ್ನು ಬೇಗ ಕಳೆದುಕೊಳ್ಳುತ್ತದೆ. ಗಾಯಕ್ಕಿಂತ ಮೊದಲು ಚಳಿಯೇ ಅದನ್ನು ಕೊಲ್ಲಬಹುದು. ಮೈ ಒರೆಸಿ, ಗಾಳಿಯಾಡುವಂತೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ, ಒಂದು ಬದಿಗೆ ಮಾತ್ರ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟು, ಕತ್ತಲಾದ ನಿಶ್ಶಬ್ದ ಕೋಣೆಯಲ್ಲಿ ಒಂದು ಗಂಟೆಯಾದರೂ ಬಿಡಬೇಕು. ಬೆಚ್ಚಗಿರಲೆಂದು ಬಚ್ಚಲೊಲೆಯ ಪಕ್ಕದಲ್ಲಿಡುವುದುಂಟು, ಆದರೆ ಹಕ್ಕಿಗಳ ಉಸಿರಾಟಕ್ಕೆ ಹೊಗೆ ಬಹಳ ಕೆಟ್ಟದ್ದು. ತಲೆ ಎತ್ತಿ ಎಚ್ಚರವಾಗಿದ್ದರೆ ಒಆರ್‌ಎಸ್ ಬೆರೆಸಿದ ನೀರನ್ನು ಮುಂದಿಡಿ. ಅದು ತಾನಾಗಿ ಕುಡಿಯಲಿ, ಬಾಯಿಗೆ ಹೊಯ್ಯಬೇಡಿ. ಹೊಯ್ದರೆ ನೀರು ಶ್ವಾಸನಾಳಕ್ಕೆ ಹೋಗಬಹುದು.

ಗಾಯ ಹುಡುಕುವುದು, ತೊಳೆಯುವುದು

ಪುಕ್ಕದ ಅಡಿಯಲ್ಲಿ ಗಾಯ ಸುಲಭವಾಗಿ ಕಾಣುವುದಿಲ್ಲ. ನಾಯಿ ಕಚ್ಚಿ ಒದರಿದಾಗ ಹೊರಗೆ ಸಣ್ಣ ತೂತಷ್ಟೇ ಕಂಡರೂ ಒಳಗೆ ಚರ್ಮ ಮಾಂಸದಿಂದ ಬಿಟ್ಟುಕೊಂಡಿರುತ್ತದೆ. ಬೆಕ್ಕಿನ ಹಲ್ಲಿನ ಗುರುತು ಸೂಜಿ ಚುಚ್ಚಿದಷ್ಟೇ ಇದ್ದರೂ ಅದರ ಬಾಯಲ್ಲಿರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲೇ ಹಕ್ಕಿ ಸಾಯಬಹುದು. ಆದುದರಿಂದ ಕತ್ತು, ರೆಕ್ಕೆಯ ಕಂಕುಳು, ಬೆನ್ನು, ಬಾಲದ ಬುಡಗಳನ್ನು ಪುಕ್ಕ ಸರಿಸಿ ಬೆರಳಿನಿಂದ ತಡಕಿ ನೋಡಬೇಕು. ಗಾಯದ ಸುತ್ತಲಿನ ಪುಕ್ಕವನ್ನು ಕತ್ತರಿಯಿಂದ ಕತ್ತರಿಸಬೇಕೇ ಹೊರತು ಕೀಳಬಾರದು, ತೆಳು ಚರ್ಮ ಅದರೊಂದಿಗೇ ಹರಿದು ಬರುತ್ತದೆ.

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಟೀ ಚಮಚ ಉಪ್ಪು ಕರಗಿಸಿ, ಸೂಜಿ ತೆಗೆದ ಸಿರಿಂಜಿನಿಂದ ಕೊಳೆ ಹೋಗುವವರೆಗೆ ತೊಳೆಯಿರಿ. ನಂತರ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ಹಚ್ಚಬಹುದು. ಸ್ಪಿರಿಟ್, ಫಿನೈಲ್, ಸೀಮೆಎಣ್ಣೆ ಯಾವುದೂ ಬೇಡ. ಬಟ್ಟೆ ಕಟ್ಟುವುದಾದರೆ ಎದೆಯ ಸುತ್ತ ಬಿಗಿಯಬಾರದು: ಹಕ್ಕಿಗಳಿಗೆ ನಮ್ಮಂತೆ ಎದೆ–ಹೊಟ್ಟೆಗಳ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯುಪರದೆ (ವಪೆ) ಇಲ್ಲ, ಎದೆಗೂಡು ಏರಿಳಿದರೆ ಮಾತ್ರ ಅವು ಉಸಿರಾಡಬಲ್ಲವು.

ಮಳೆಗಾಲದ ದೊಡ್ಡ ಶತ್ರು ನೊಣ. ತೆರೆದ ಗಾಯದಲ್ಲಿ ಇಟ್ಟ ಮೊಟ್ಟೆ ಒಂದೇ ದಿನದೊಳಗೆ ಹುಳುವಾಗಬಹುದು. ಹಕ್ಕಿಯನ್ನು ಸೊಳ್ಳೆಪರದೆಯೊಳಗೆ ಇಟ್ಟು, ದಿನಕ್ಕೆರಡು ಬಾರಿ ಗಾಯ ನೋಡಿ, ಹುಳು ಕಂಡರೆ ಉಪ್ಪುನೀರು ಹೊಯ್ದು ಚಿಮಟದಿಂದ ಒಂದೊಂದನ್ನೇ ತೆಗೆಯಬೇಕು. ದನದ ಗಾಯಕ್ಕೆ ಬಳಸುವ ಟರ್ಪೆಂಟೈನ್ ಎಣ್ಣೆಯನ್ನು ಕೋಳಿಗೆ ಹಾಕಬಾರದು.

ಬಾತಿನ ವಿಷಯದಲ್ಲಿ ಇನ್ನೆರಡು ಮಾತು. ಅದನ್ನು ಕಾಲು ಹಿಡಿದು ಎತ್ತಬಾರದು, ಮೈಯನ್ನೇ ತಬ್ಬಿ ಹಿಡಿಯಬೇಕು. ಗಾಯ ಮುಚ್ಚುವವರೆಗೆ ಕೆರೆಗೂ ಗದ್ದೆಗೂ ಬಿಡಬಾರದು, ಆದರೆ ಮೂಗಿನ ಹೊಳ್ಳೆ ಮುಳುಗುವಷ್ಟು ಆಳದ ಪಾತ್ರೆಯಲ್ಲಿ ನೀರು ಸದಾ ಇರಬೇಕು.

ವೈದ್ಯರು ಯಾವಾಗ?

ಬೆಕ್ಕು ಕಚ್ಚಿದ್ದರೆ, ಹೊಟ್ಟೆ ಸೀಳಿದ್ದರೆ, ಮೂಳೆ ಕಂಡರೆ, ಕುತ್ತಿಗೆಯ ಬುಡದ ಮೇವಿನ ಚೀಲ ಹರಿದು ಕಾಳು ಹೊರಬರುತ್ತಿದ್ದರೆ, ಚರ್ಮದಡಿ ಗಾಳಿ ತುಂಬಿ ಉಬ್ಬಿದರೆ, ಬಾಯಿ ತೆರೆದೇ ಉಸಿರಾಡುತ್ತಿದ್ದರೆ ಮನೆಮದ್ದು ನಿಲ್ಲಿಸಿ ಪಶು ಆಸ್ಪತ್ರೆಗೆ ಒಯ್ಯಬೇಕು. 1962 ಸಂಖ್ಯೆಯ ಪಶು ಸಹಾಯವಾಣಿಗೂ ಕರೆ ಮಾಡಬಹುದು. ಎರಡೂ ಕಾಲು ಸೋತು ಬೆನ್ನುಮೂಳೆ ಮುರಿದಂತಿದ್ದರೆ ನರಳಿಸದೆ ದಯಾಮರಣ ಕೊಡಿಸುವುದೇ ಸರಿಯೆಂದು ನನ್ನ ಅಭಿಪ್ರಾಯ. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಲೇಬಾರದು. ರಣಹದ್ದುಗಳನ್ನು ಬಲಿ ಪಡೆದ ನೋವಿನ ಮದ್ದು ಡೈಕ್ಲೋಫೆನಾಕ್‌ನ ಪಶುಬಳಕೆಯನ್ನು ಭಾರತದಲ್ಲಿ 2006ರಲ್ಲೇ ನಿಷೇಧಿಸಲಾಗಿದೆ; ಕೋಳಿಯ ಮೂತ್ರಪಿಂಡಕ್ಕೂ ಅದು ಮಾರಕ. ವೈದ್ಯರು ಆ್ಯಂಟಿಬಯೋಟಿಕ್ ಕೊಟ್ಟರೆ ಎಷ್ಟು ದಿನ ಮೊಟ್ಟೆ, ಮಾಂಸ ತಿನ್ನಬಾರದೆಂದು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.

ಗುಂಪಿಗೆ ಮರಳಿಸಲು ಅವಸರ ಬೇಡ. ಕೆಂಪಗೆ ಕಂಡ ಗಾಯವನ್ನು ಉಳಿದ ಕೋಳಿಗಳೇ ಕುಕ್ಕಿ ದೊಡ್ಡದು ಮಾಡುತ್ತವೆ. ಚರ್ಮ ಪೂರ್ತಿ ಕೂಡಿಕೊಂಡ ಮೇಲೆ ಕೆಲವು ದಿನ ಜಾಲರಿಯ ಆಚೀಚೆ ಇಟ್ಟು ಆಮೇಲೆ ಬಿಡಿ. ಅಷ್ಟರೊಳಗೆ ಗೂಡಿಗೆ ಅರ್ಧ ಇಂಚು ಕಣ್ಣಿನ ಗಟ್ಟಿ ವೆಲ್ಡ್ ಜಾಲರಿ ಹಾಕಿಸಿ, ಅದರ ಅಂಚನ್ನು ಒಂದಡಿ ಆಳಕ್ಕೆ ನೆಲದಲ್ಲಿ ಹೂಳಿಸಿ. ಕೋಪದಲ್ಲಿ ಉರುಳು ಕಟ್ಟುವುದು, ವಿಷವಿಡುವುದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಂಗುಸಿ, ಪುನುಗುಬೆಕ್ಕುಗಳನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ.